ಜಾಂಬೋಟಿಯ ಮಳೆಗೂ ತಿಕೋಟಾದ ಬಿಸಿಲಿಗೂ ಒಂದೇ ಸೋಲಾರ್ ಕಿಟ್ ಸಾಕೇ?

ಪ್ರಶ್ನೆ: ನಾನು ಬೆಳಗಾವಿಯ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ವಿದ್ಯಾರ್ಥಿಗಳ ಜೊತೆ ಸೇರಿ ಎರಡು ಕಡೆ ಮಾಪನ ಕೇಂದ್ರ ಹಾಕಿದ್ದೇವೆ. ಮೊದಲನೆಯದು ಖಾನಾಪುರ ತಾಲ್ಲೂಕಿನ ಜಾಂಬೋಟಿ–ಕಣಕುಂಬಿ ನಡುವೆ, ಮಲಪ್ರಭೆಗೆ ಸೇರುವ ಹಳ್ಳವೊಂದರ ದಂಡೆಯಲ್ಲಿ, ಪರಿಚಯದವರ ಹೊಲದಲ್ಲಿದೆ. ಅಲ್ಲಿ ಮಳೆಮಾಪಕವೂ ನೀರಿನ ಮಟ್ಟ ಅಳೆಯುವ ರೇಡಾರ್ ಸೆನ್ಸರ್ ಕೂಡ ಇವೆ. ಎರಡನೆಯದು ವಿಜಯಪುರ ಜಿಲ್ಲೆಯ ತಿಕೋಟಾ ಹತ್ತಿರ ನಮ್ಮ ಸಂಬಂಧಿಕರ ದ್ರಾಕ್ಷಿ ತೋಟದಲ್ಲಿದೆ. ಅದು ಉಷ್ಣತೆ, ತೇವಾಂಶ, ಎಲೆಯ ಒದ್ದೆತನ ಅಳೆಯುತ್ತದೆ. ಎರಡಕ್ಕೂ ಒಂದೇ ಕಿಟ್: 20 ವ್ಯಾಟ್ ಪ್ಯಾನೆಲ್, 12 ವೋಲ್ಟಿನ 7 ಎ.ಎಚ್. (ಆಂಪಿಯರ್-ಅವರ್, ಎಷ್ಟು ಆಂಪಿಯರ್ ಎಷ್ಟು ತಾಸು ಎಂಬ ಲೆಕ್ಕ) ಸೀಲ್ಡ್ ಸೀಸದ ಬ್ಯಾಟರಿ, ಪ್ಯಾನೆಲಿನಿಂದ ಬ್ಯಾಟರಿಗೆ ಹೋಗುವ ವಿದ್ಯುತ್ತನ್ನು ನಿಯಂತ್ರಿಸುವ 10 ಆಂಪಿಯರ್ ಚಾರ್ಜ್ ಕಂಟ್ರೋಲರ್ ಮತ್ತು ಸಿಮ್ ಹಾಕಿದ ಮೋಡೆಮ್. ಜಾಂಬೋಟಿಯದು ಜುಲೈನಲ್ಲಿ ಮಳೆ ಹಿಡಿದ ನಾಲ್ಕನೆಯ ದಿನಕ್ಕೆ ನಿಂತುಹೋಯಿತು, ಆಗಸ್ಟ್ ಕೊನೆಗೆ ತಾನಾಗಿ ಶುರುವಾಯಿತು. ಮರುವರ್ಷ ಎರಡೇ ದಿನಕ್ಕೆ ನಿಂತಿತು. ತಿಕೋಟಾದ್ದು ಮಳೆಗಾಲದಲ್ಲಿ ಚೆನ್ನಾಗಿದ್ದು, ಏಪ್ರಿಲ್–ಮೇನಲ್ಲಿ ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಮಾಹಿತಿ ಕಳಿಸುವುದಿಲ್ಲ. ಈಗ ಅದರ ಬ್ಯಾಟರಿ ಉಬ್ಬಿದೆ. ಕಿಟ್ ಕೊಟ್ಟವರು 100 ವ್ಯಾಟಿನ ಪ್ಯಾನೆಲ್ ಹಾಕಿರಿ ಎನ್ನುತ್ತಾರೆ. ಊರಿನವರು ಘಟ್ಟದ ಸೆರಗಿನಲ್ಲಿ ಸೋಲಾರ್ ನಡೆಯುವುದೇ ಇಲ್ಲ ಎನ್ನುತ್ತಾರೆ. ಯಾರ ಮಾತು ನಿಜ? ಏನು ಮಾಡಬೇಕು?

ಉತ್ತರ:

ನಿಮ್ಮ ಪತ್ರದಲ್ಲಿ ಎರಡು ಬೇರೆ ಬೇರೆ ಕಾಯಿಲೆಗಳ ಲಕ್ಷಣಗಳಿವೆ, ಆದರೆ ಎರಡಕ್ಕೂ ಒಂದೇ ಔಷಧ ಹೇಳಲಾಗಿದೆ. ಜಾಂಬೋಟಿಯ ಕೇಂದ್ರ ವಿದ್ಯುತ್ತಿನ ಜಮಾಕ್ಕಿಂತ ಖರ್ಚು ಹೆಚ್ಚಾಗಿ ನಿಂತಿದೆ. ತಿಕೋಟಾದ್ದಕ್ಕೆ ವಿದ್ಯುತ್ತಿನ ಕೊರತೆ ಇರುವ ಸಂಭವ ಕಡಿಮೆ, ಅದು ಕಾವಿನಿಂದ ಕೆಟ್ಟಿದೆ. 100 ವ್ಯಾಟಿನ ಪ್ಯಾನೆಲ್ ಮೊದಲನೆಯದಕ್ಕೆ ಅರ್ಧ ಪರಿಹಾರ ಕೊಟ್ಟು ಹೊಸ ತೊಂದರೆ ತರುತ್ತದೆ, ಎರಡನೆಯದಕ್ಕೆ ಏನೂ ಮಾಡುವುದಿಲ್ಲ. ದುಡ್ಡು ಖರ್ಚು ಮಾಡುವ ಮೊದಲು ಒಂದು ಮಲ್ಟಿಮೀಟರ್ ಹಿಡಿದು ಕೂರಬೇಕು ಎಂಬುದೇ ನನ್ನ ಮೊದಲ ಸಲಹೆ.

ಊರಿನವರ ಮಾತಿನಿಂದ ಶುರುಮಾಡೋಣ. ಮೋಡ ಮುಚ್ಚಿದರೆ ಪ್ಯಾನೆಲ್ ಪೂರ್ತಿ ನಿಲ್ಲುತ್ತದೆ ಎಂಬುದು ತಪ್ಪು ಕಲ್ಪನೆ. ದಟ್ಟ ಮೋಡದ ದಿನವೂ ಚದುರಿದ ಬೆಳಕು ಆಕಾಶದ ಎಲ್ಲ ಕಡೆಯಿಂದ ಬರುತ್ತಿರುತ್ತದೆ, ಆಗ ಪ್ಯಾನೆಲ್ ಸ್ವಚ್ಛ ಬಿಸಿಲಿನ ದಿನದ ಹತ್ತರಲ್ಲಿ ಒಂದು ಪಾಲಿನಿಂದ ನಾಲ್ಕರಲ್ಲಿ ಒಂದು ಪಾಲಿನವರೆಗೆ ಕೊಡುತ್ತದೆ. ನಿಮ್ಮ 20 ವ್ಯಾಟಿನ ಪ್ಯಾನೆಲ್ ಒಳ್ಳೆಯ ಬಿಸಿಲಿನಲ್ಲಿ ಒಂದು ಆಂಪಿಯರ್‌ಗಿಂತ ತುಸು ಹೆಚ್ಚು ಕೊಡುತ್ತದೆ. ಉತ್ತರ ಕರ್ನಾಟಕದ ಬಿಸಿಲಿನ ದಿನದಲ್ಲಿ ಐದೂವರೆ ತಾಸಿನ ಪೂರ್ಣ ಬಿಸಿಲು ಸಿಕ್ಕಿತೆಂದು ಲೆಕ್ಕ ಹಿಡಿದರೆ ದಿನಕ್ಕೆ ಸುಮಾರು 6 ಆಂಪಿಯರ್-ಅವರ್ ಜಮಾ ಆಗುತ್ತದೆ. ಪುನರ್ವಸು, ಪುಷ್ಯ ಮಳೆ ಬಿಡದೆ ಹೊಯ್ಯುವ ದಿನಗಳಲ್ಲಿ ಅದು 0.6 ರಿಂದ 0.9 ಕ್ಕೆ ಇಳಿಯುತ್ತದೆ. ಗಾಜಿನ ಮೇಲಿನ ಪಾಚಿ, ಮರದ ನೆರಳು, ತಂತಿಯ ನಷ್ಟ ಕಳೆದರೆ ಅರ್ಧ ಆಂಪಿಯರ್-ಅವರ್ ಉಳಿಯಿತೆಂದು ಹಿಡಿಯಿರಿ. ಇದು ಸಣ್ಣ ಮೊತ್ತವೇ ಸರಿ, ಆದರೆ ಮಾಪನ ಕೇಂದ್ರವೊಂದು ಬದುಕಲು ಅಷ್ಟು ಸಾಕಾಗುವಂತೆ ಮಾಡಬಹುದು.

ಇನ್ನು ಖರ್ಚಿನ ಕಡೆ ನೋಡಿ. ನೀವು ಅಳತೆ ಕೊಟ್ಟಿಲ್ಲವಾದ್ದರಿಂದ ಇಂಥ ಕಿಟ್‌ಗಳಲ್ಲಿ ನಾನು ಸಾಮಾನ್ಯವಾಗಿ ಕಾಣುವ ಅಂಕಿಗಳನ್ನು ಇಡುತ್ತೇನೆ. ಮಾಹಿತಿ ಕಳಿಸದೆ ನೆಟ್‌ವರ್ಕ್ ಹಿಡಿದು ಸುಮ್ಮನೆ ಕುಳಿತ ಮೋಡೆಮ್ ಸರಾಸರಿ 40 ಮಿಲಿಆಂಪಿಯರ್ ಎಳೆಯುತ್ತದೆ. ಯಾವಾಗಲೂ ಚಾಲೂ ಇರುವ ರೇಡಾರ್ ಸೆನ್ಸರ್ 25, ಅಳತೆಗಳನ್ನು ದಾಖಲಿಸಿಡುವ ಡೇಟಾ ಲಾಗರ್ 10 ಮಿಲಿಆಂಪಿಯರ್. ಬಹಳ ಜನ ಲೆಕ್ಕಕ್ಕೇ ತೆಗೆದುಕೊಳ್ಳದ ಇನ್ನೊಂದು ಬಾಬತ್ತು ಚಾರ್ಜ್ ಕಂಟ್ರೋಲರ್. ಹಸಿರು, ಕೆಂಪು ದೀಪ ಮಿನುಗಿಸುತ್ತ, ಡಿಸ್‌ಪ್ಲೇ ತೋರಿಸುತ್ತ ಅದೂ 10 ಮಿಲಿಆಂಪಿಯರ್ ನುಂಗುತ್ತದೆ. ಒಟ್ಟು 85 ಮಿಲಿಆಂಪಿಯರ್. 24 ತಾಸಿಗೆ ಗುಣಿಸಿದರೆ ದಿನಕ್ಕೆ 2 ಆಂಪಿಯರ್-ಅವರ್ ಖರ್ಚು. ಅರ್ಧ ಬಂದು ಎರಡು ಹೋಗುವ ಕಡೆ ದಿನಕ್ಕೆ ಒಂದೂವರೆ ಆಂಪಿಯರ್-ಅವರ್ ಕೊರತೆ ಬೀಳುತ್ತದೆ. 7 ಎ.ಎಚ್. ಬ್ಯಾಟರಿ ಹೊಸದಿದ್ದರೂ ಅದರಿಂದ ಪೂರ್ತಿ ಏಳು ಸಿಗುವುದಿಲ್ಲ. ಹಾಗಾಗಿ ನಾಲ್ಕನೆಯ ದಿನಕ್ಕೆ ಕೇಂದ್ರ ನಿಂತದ್ದು ಲೆಕ್ಕಕ್ಕೆ ಸರಿಯಾಗಿಯೇ ಇದೆ.

ಮರುವರ್ಷ ಎರಡೇ ದಿನಕ್ಕೆ ನಿಂತದ್ದರ ಕಾರಣ ಇಲ್ಲಿಂದಲೇ ಹೊರಡುತ್ತದೆ. ಸೀಸದ ಬ್ಯಾಟರಿಯನ್ನು ಬರಿದಾದ ಸ್ಥಿತಿಯಲ್ಲಿ ವಾರಗಟ್ಟಲೆ ಬಿಟ್ಟರೆ ಅದರ ಫಲಕಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿ ಹರಳಾಗಿ ಕೂರುತ್ತದೆ, ಅದು ಮತ್ತೆ ಪೂರ್ತಿ ಕರಗುವುದಿಲ್ಲ. ನಿಮ್ಮ ಬ್ಯಾಟರಿ ಒಂದಿಡೀ ಆಗಸ್ಟ್ ಹಾಗೆಯೇ ಇತ್ತು. ಹೊರಗಿನಿಂದ 7 ಎ.ಎಚ್. ಎಂದೇ ಬರೆದಿದ್ದರೂ ಒಳಗೆ ಈಗ ಅದರ ಅರ್ಧವೂ ಉಳಿದಿರಲಿಕ್ಕಿಲ್ಲ. ಅಗ್ಗದ ಕಂಟ್ರೋಲರ್‌ಗಳು ಬ್ಯಾಟರಿ 11 ವೋಲ್ಟಿನ ಆಸುಪಾಸಿಗೆ ಇಳಿದ ಮೇಲಷ್ಟೇ ಹೊರೆಯನ್ನು, ಅಂದರೆ ವಿದ್ಯುತ್ ಎಳೆಯುವ ಉಪಕರಣಗಳನ್ನು, ಕಡಿದುಹಾಕುತ್ತವೆ. ಯಾವ ಹೊರೆಯೂ ಇಲ್ಲದೆ ಅಳೆದಾಗ 12.7 ವೋಲ್ಟ್ ಎಂದರೆ ತುಂಬಿದ ಬ್ಯಾಟರಿ, 12.2 ಎಂದರೆ ಸುಮಾರು ಅರ್ಧ. ಈ ಅರ್ಧದ ಗೆರೆಯನ್ನು ಪದೇಪದೇ ದಾಟಿಸಿದಷ್ಟೂ ಅದರ ಆಯುಷ್ಯ ಕಡಿಮೆಯಾಗುತ್ತದೆ. 11 ವೋಲ್ಟಿಗೆ ತಂದು ನಿಲ್ಲಿಸುವುದು ಬ್ಯಾಟರಿಯನ್ನು ಕಾಪಾಡುವ ಕ್ರಮವಲ್ಲ.

ಹಾಗಾದರೆ 100 ವ್ಯಾಟಿನ ಪ್ಯಾನೆಲ್ ಹಾಕಿದರೆ ಜಮಾ ಐದು ಪಟ್ಟಾಗಿ ಕೊರತೆ ತುಂಬುವುದಲ್ಲವೇ ಎಂದು ಕೇಳಬಹುದು. ಮೋಡದ ದಿನಗಳ ಮಟ್ಟಿಗೆ ನಿಜ. ಆದರೆ ಅಕ್ಟೋಬರ್ ಬಂದು ಆಕಾಶ ತಿಳಿಯಾದಾಗ ಅದೇ ಪ್ಯಾನೆಲ್ ಐದಕ್ಕೂ ಹೆಚ್ಚು ಆಂಪಿಯರ್ ತಳ್ಳುತ್ತದೆ. 7 ಎ.ಎಚ್. ಸೀಲ್ಡ್ ಬ್ಯಾಟರಿಗಳ ಮೈಮೇಲೆ ಚಾರ್ಜ್ ಕರೆಂಟಿನ ಮಿತಿ ಸಾಮಾನ್ಯವಾಗಿ 2.1 ಆಂಪಿಯರ್ ಎಂದು ಮುದ್ರಿಸಿರುತ್ತಾರೆ, ನಿಮ್ಮದರ ಮೇಲೂ ಇರುತ್ತದೆ, ಓದಿ ನೋಡಿ. 10 ಆಂಪಿಯರ್ ಕಂಟ್ರೋಲರ್ ಆ ಐದನ್ನೂ ತಡೆಯದೆ ಒಳಗೆ ಬಿಡುತ್ತದೆ, ಬ್ಯಾಟರಿ ಕಾದು ಒಳಗಿನ ತೇವ ಕಳೆದುಕೊಳ್ಳುತ್ತದೆ. ಅದರ ಮೇಲೆ ದೊಡ್ಡ ಪ್ಯಾನೆಲ್ ಗಾಳಿಗೆ ದೊಡ್ಡ ಹಾಯಿಯಾಗುತ್ತದೆ, ದಪ್ಪ ಕಂಬ ಬೇಕು, ಕಾಂಕ್ರೀಟ್ ಬುಡ ಬೇಕು. ದೂರದಿಂದ ಕಣ್ಣಿಗೆ ಬೀಳುವುದರಿಂದ ಕಳ್ಳತನದ ಭಯವೂ ಹೆಚ್ಚು. ಮನೆಯ ದೀಪಕ್ಕೆ, ಮೊಬೈಲ್ ಚಾರ್ಜಿಗೆ ಉಪಯೋಗಕ್ಕೆ ಬರುವ ಅಳತೆಯ ಪ್ಯಾನೆಲ್ ಅದು.

ಜಾಂಬೋಟಿಯಲ್ಲಿ ಮೊದಲು ಕೈಹಾಕಬೇಕಾದದ್ದು ಖರ್ಚಿಗೆ. ಹಳ್ಳದ ನೀರು ಕ್ಷಣಕ್ಷಣಕ್ಕೂ ಅಳೆಯಬೇಕಾದ ವಸ್ತುವಲ್ಲ. ಹದಿನೈದು ನಿಮಿಷಕ್ಕೊಮ್ಮೆ ಸೆನ್ಸರ್‌ಗೆ ಹತ್ತು ಸೆಕೆಂಡು ವಿದ್ಯುತ್ ಕೊಟ್ಟು, ಅಳತೆ ತೆಗೆದುಕೊಂಡು, ಮತ್ತೆ ಕಡಿದುಹಾಕುವಂತೆ ಲಾಗರ್‌ಗೆ ಹೇಳಿ. ದಿನಕ್ಕೆ 96 ಸಲ ಹೀಗೆ ಮಾಡಿದರೂ ಸೆನ್ಸರ್ ಚಾಲೂ ಇರುವುದು ಹದಿನಾರೇ ನಿಮಿಷ. ಮೋಡೆಮನ್ನು ತಾಸಿಗೊಮ್ಮೆ ಎಬ್ಬಿಸಿ, ಒಂದು ನಿಮಿಷದಲ್ಲಿ ನಾಲ್ಕು ಅಳತೆಗಳನ್ನು ಒಟ್ಟಿಗೆ ಕಳಿಸಿ, ಪೂರ್ತಿ ಆರಿಸಿ. ಲಾಗರ್ ನಿದ್ದೆಯಲ್ಲಿ ಒಂದು ಮಿಲಿಆಂಪಿಯರ್‌ಗೆ ಇಳಿಯುವಂಥದ್ದಾದರೆ, ಇವೆಲ್ಲ ಸೇರಿ ದಿನದ ಖರ್ಚು 0.1 ಆಂಪಿಯರ್-ಅವರ್ ಆಸುಪಾಸಿಗೆ ಬರುತ್ತದೆ. ಆಗ ನಿಮ್ಮ ಕೇಂದ್ರದಲ್ಲಿ ಎಲ್ಲಕ್ಕಿಂತ ಹೆಚ್ಚು ವಿದ್ಯುತ್ ತಿನ್ನುವ ವಸ್ತು ಚಾರ್ಜ್ ಕಂಟ್ರೋಲರ್ ಆಗಿರುತ್ತದೆ: ದಿನಕ್ಕೆ 0.24. ಅದು ಹಾಗೆಯೇ ಇದ್ದರೂ ಒಟ್ಟು ಖರ್ಚು 0.34, ಅತಿ ಕೆಟ್ಟ ದಿನದ ಜಮಾ 0.5. ಕೊರತೆ ಎಂಬುದೇ ಉಳಿಯಲಿಲ್ಲ. ಒಂದು ಮಿಲಿಆಂಪಿಯರ್ ಮಾತ್ರ ಬಳಸುವ, ಡಿಸ್‌ಪ್ಲೇ ಇಲ್ಲದ ಸಣ್ಣ ಕಂಟ್ರೋಲರ್ ಹಾಕಿದರಂತೂ 7 ಎ.ಎಚ್. ಬ್ಯಾಟರಿಯ ಅರ್ಧ ಪಾಲಿನಲ್ಲೇ, ಒಂದು ಹನಿ ಬಿಸಿಲಿಲ್ಲದೆಯೂ, ಮೂರು ವಾರ ಮೀರಿ ನಡೆಯುತ್ತದೆ. ಅದೇ ಪ್ಯಾನೆಲ್, ಅದೇ ಅಳತೆಯ ಬ್ಯಾಟರಿ.

ಈ ಬದಲಾವಣೆಗಳಲ್ಲಿ ಒಂದು ಅಪಾಯ ಅಡಗಿದೆ, ಅದನ್ನು ಮುಚ್ಚಿಡುವಂತಿಲ್ಲ. ಮೋಡೆಮ್ ತಾಸಿಗೊಮ್ಮೆ ಮಾತ್ರ ಎದ್ದರೆ, ಹಳ್ಳ ಅರ್ಧ ತಾಸಿನಲ್ಲಿ ಏರಿಬಿಟ್ಟಾಗ ನಿಮಗೆ ತಡವಾಗಿ ಗೊತ್ತಾಗುತ್ತದೆ. ಆದ್ದರಿಂದ ಕಳಿಸುವ ಅಂತರವನ್ನು ಗಡಿಯಾರಕ್ಕೆ ಮಾತ್ರ ಕಟ್ಟಬೇಡಿ. ನೀರಿನ ಮಟ್ಟ ಎರಡು ಅಳತೆಗಳ ನಡುವೆ ಇಷ್ಟು ಏರಿದರೆ, ಅಥವಾ ಹದಿನೈದು ನಿಮಿಷದಲ್ಲಿ ಇಷ್ಟು ಮಿಲಿಮೀಟರ್ ಮಳೆಯಾದರೆ ಕೂಡಲೇ ಕಳಿಸು ಎಂಬ ನಿಯಮ ಸೇರಿಸಿ. ಬ್ಯಾಟರಿ 12.2 ವೋಲ್ಟಿಗಿಂತ ಇಳಿದಾಗ ಮಾಮೂಲಿ ಸಂದೇಶಗಳನ್ನು ಆರು ತಾಸಿಗೊಮ್ಮೆ ಎಂದು ಮಾಡಿ, ಆದರೆ ಈ ತುರ್ತು ನಿಯಮ ಆಗಲೂ ನಡೆಯಲಿ. ಇನ್ನೊಂದು ಕಡೆ ಕಣ್ಣಿಡಬೇಕು. ಕಣಕುಂಬಿ ಕಡೆಯ ಕಣಿವೆಗಳಲ್ಲಿ ನೆಟ್‌ವರ್ಕ್ ಬಂದುಹೋಗಿ ಮಾಡುತ್ತದೆ. ಸಿಗ್ನಲ್ ಕ್ಷೀಣವಾದಷ್ಟೂ ಮೋಡೆಮ್ ತನ್ನ ಶಕ್ತಿ ಏರಿಸುತ್ತದೆ, ಸಿಗುವ ತನಕ ಮತ್ತೆ ಮತ್ತೆ ಪ್ರಯತ್ನಿಸುವಂತೆ ಪ್ರೋಗ್ರಾಂ ಬರೆದಿದ್ದರೆ ಒಂದೇ ರಾತ್ರಿಯಲ್ಲಿ ಬ್ಯಾಟರಿ ಅರ್ಧ ಖಾಲಿಯಾಗುತ್ತದೆ. ಮೂರು ಸಲ ಪ್ರಯತ್ನಿಸು, ಆಗದಿದ್ದರೆ ಮೆಮೊರಿಯಲ್ಲಿಟ್ಟು ಮಲಗು, ಮುಂದಿನ ಸಲ ಹಳೆಯದನ್ನೂ ಸೇರಿಸಿ ಕಳಿಸು ಎಂದಿರಲಿ.

ಇದಕ್ಕಿಂತ ಮುಖ್ಯವಾದ ಮಾತು ದಾಖಲೆಯದ್ದು. ಮಲಪ್ರಭೆ ಕಣಕುಂಬಿಯಲ್ಲಿ ಹುಟ್ಟಿ, ಸವದತ್ತಿ ತಾಲ್ಲೂಕಿನ ನವಿಲುತೀರ್ಥದ ಅಣೆಕಟ್ಟೆ ದಾಟಿ, ಪಟ್ಟದಕಲ್ಲು, ಐಹೊಳೆಗಳ ಪಕ್ಕ ಹಾದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. 2019ರ ಆಗಸ್ಟ್‌ನಲ್ಲಿ ಈ ಕಣಿವೆಯ ಹಳ್ಳಿಗಳು ನೀರಿನಲ್ಲಿ ನಿಂತದ್ದನ್ನು ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳವರು ಮರೆತಿಲ್ಲ. ಮೇಲಿನ ಕಣಿವೆಯ ಮಳೆಯನ್ನು ಬಲ್ಲ ಪ್ರತಿಯೊಂದು ಸಣ್ಣ ಕೇಂದ್ರಕ್ಕೂ ಈ ಕಾರಣದಿಂದಲೇ ಬೆಲೆ ಇದೆ. ಆದರೆ ಮಳೆ ಜೋರಾದಾಗಲೇ ನಿಂತುಹೋಗುವ ಕೇಂದ್ರ, ಮಾಹಿತಿ ಇಲ್ಲದಿರುವುದಕ್ಕಿಂತ ಹೆಚ್ಚು ಹಾನಿ ಮಾಡಬಲ್ಲದು. ಮೂರು ವರ್ಷದ ನಿಮ್ಮ ಕೋಷ್ಟಕವನ್ನು ಮುಂದೆ ಯಾರೋ ತೆಗೆದು ಜುಲೈ ತಿಂಗಳ ಮಳೆಯನ್ನು ಕೂಡಿಸಿದರೆ, ಖಾಲಿ ಬಿಟ್ಟ ದಿನಗಳೆಲ್ಲ ಸೊನ್ನೆಯಾಗಿ ಸೇರಿ, ಘಟ್ಟದಲ್ಲಿ ಮಳೆ ಕಡಿಮೆ ಎಂಬ ಸುಳ್ಳು ತೀರ್ಮಾನ ಹೊರಡುತ್ತದೆ. ಈ ತನಕ ಬಿಟ್ಟುಹೋದ ದಿನಗಳನ್ನು ದಾಖಲೆಯಲ್ಲಿ ‘ಮಾಹಿತಿ ಇಲ್ಲ’ ಎಂದು ಇವತ್ತೇ ಗುರುತು ಮಾಡಿಸಿ. ಆ ದಿನಗಳಿಗೆ ಹತ್ತಿರದ ಹೋಲಿಕೆ ಬೇಕಾದರೆ, ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಟೆಲಿಮೆಟ್ರಿಕ್ (ಅಳತೆಯನ್ನು ತಾವಾಗಿ ದೂರಕ್ಕೆ ಕಳಿಸುವ) ಮಳೆಮಾಪಕಗಳನ್ನು ಇಟ್ಟಿದೆ, ಅವೂ ಸೋಲಾರ್‌ನಿಂದಲೇ ನಡೆಯುತ್ತವೆ. ಘಟ್ಟದಲ್ಲಿ ಸೋಲಾರ್ ನಡೆಯುವುದಿಲ್ಲ ಎನ್ನುವವರಿಗೆ ಅವನ್ನು ತೋರಿಸಬಹುದು.

ದಾಖಲೆ ಉಳಿಸುವ ಒಂದು ಸರಳ ಉಪಾಯವನ್ನು ನಾನು ಎಲ್ಲರಿಗೂ ಒತ್ತಿ ಹೇಳುತ್ತೇನೆ: ಲಾಗರ್‌ಗೂ ಮೋಡೆಮ್‌ಗೂ ಒಂದೇ ಬ್ಯಾಟರಿ ಇಡಬೇಡಿ. ಮಳೆಮಾಪಕದ ಬಟ್ಟಲು ತುಂಬಿ ಮಗುಚಿದಾಗ ಒಂದು ಅಯಸ್ಕಾಂತ ಸ್ವಿಚ್ಚಿನ ಮುಂದೆ ಹಾದುಹೋಗುತ್ತದೆ, ಅಷ್ಟೇ. ಅದನ್ನು ಎಣಿಸಲು ಬೇಕಾಗುವ ವಿದ್ಯುತ್ ಲೆಕ್ಕಕ್ಕೇ ಬಾರದಷ್ಟು. 3.6 ವೋಲ್ಟಿನ ಲೀಥಿಯಂ ಥಯೋನಿಲ್ ಕ್ಲೋರೈಡ್ ಸೆಲ್ ಒಂದರ ಮೇಲೆ ಕಡಿಮೆ ವಿದ್ಯುತ್ತಿನ ಲಾಗರ್ ವರ್ಷಗಟ್ಟಲೆ ಎಣಿಸುತ್ತ ಕೂರಬಲ್ಲದು. ಟಾರ್ಚಿಗೆ ಹಾಕುವ ದೊಡ್ಡ ಸೆಲ್ಲಿನ ಗಾತ್ರದ ಇದರಲ್ಲಿ 17 ರಿಂದ 19 ಆಂಪಿಯರ್-ಅವರ್ ಇರುತ್ತದೆ, ಕಪಾಟಿನಲ್ಲಿಟ್ಟರೂ ವರ್ಷಕ್ಕೆ ನೂರಕ್ಕೆ ಒಂದರಷ್ಟೇ ಕಳೆದುಕೊಳ್ಳುತ್ತದೆ. ಸೋಲಾರ್ ಬ್ಯಾಟರಿ ಮೋಡೆಮ್‌ಗೆ ಮಾತ್ರ ಇರಲಿ. ಅದು ನಿಂತರೂ ಎಣಿಕೆ ನಿಲ್ಲುವುದಿಲ್ಲ, ಬಿಸಿಲು ಬಂದ ದಿನ ಪೂರ್ತಿ ದಾಖಲೆ ಬಂದು ಸೇರುತ್ತದೆ. ಈ ಸೆಲ್ ರಿಚಾರ್ಜ್ ಆಗುವಂಥದ್ದಲ್ಲ. ಯಾವ ಕಾರಣಕ್ಕೂ ಪ್ಯಾನೆಲಿನ ತಂತಿ ಅದಕ್ಕೆ ತಾಗಬಾರದು, ತಾಗಿದರೆ ಸಿಡಿಯಬಹುದು ಎಂಬುದನ್ನು ವಿದ್ಯಾರ್ಥಿಗಳಿಗೆ ಬರೆದು ಅಂಟಿಸಿ.

ಪ್ಯಾನೆಲ್ ನಿಲ್ಲಿಸುವ ಕೋನದ ಬಗ್ಗೆ ನೀವು ಕೇಳಿಲ್ಲ, ಆದರೆ ನೀವು ಕಳಿಸಿದ ಫೋಟೋದಲ್ಲಿ ಅದು ದಕ್ಷಿಣಕ್ಕೆ ಸುಮಾರು 45 ಡಿಗ್ರಿ ಬಾಗಿದೆ. ಇದು ಯುರೋಪಿನ ಕೈಪಿಡಿಗಳಿಂದ ಬಂದ ರೂಢಿ. ಅಲ್ಲಿ ಬೆಳಕು ಅತಿ ಕಡಿಮೆ ಇರುವ ತಿಂಗಳು ಡಿಸೆಂಬರ್, ಆಗ ಸೂರ್ಯ ದಕ್ಷಿಣದ ದಿಗಂತಕ್ಕೆ ಅಂಟಿಕೊಂಡಿರುತ್ತಾನೆ. ನಮಗೆ ಅತಿ ಕಡಿಮೆ ಬೆಳಕಿನ ತಿಂಗಳು ಜುಲೈ. ಖಾನಾಪುರ ಇರುವುದು ಸುಮಾರು 15.6 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮೇ ಮೊದಲ ವಾರದಿಂದ ಆಗಸ್ಟ್ ಎರಡನೆಯ ವಾರದವರೆಗೆ ಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಗಿಂತ ಉತ್ತರದಲ್ಲಿ ಹಾಯುತ್ತಾನೆ, ಜೂನ್ ಕೊನೆಗೆ ಸುಮಾರು 8 ಡಿಗ್ರಿಯಷ್ಟು. ಆಗ ದಕ್ಷಿಣಕ್ಕೆ 45 ಡಿಗ್ರಿ ಬಾಗಿದ ಪ್ಯಾನೆಲ್ ನೇರ ಬಿಸಿಲಿನ ನೂರಕ್ಕೆ ನಲವತ್ತನ್ನು ಕಳೆದುಕೊಳ್ಳುತ್ತದೆ, ಮೋಡದ ಚದುರಿದ ಬೆಳಕಿನಲ್ಲೂ ಹದಿನೈದು ಪಾಲು ಬಿಡುತ್ತದೆ. ಹತ್ತರಿಂದ ಹದಿನೈದು ಡಿಗ್ರಿಗೆ ಇಳಿಸಿ. ಪೂರ್ತಿ ಮಲಗಿಸಬೇಡಿ, ನೀರು ನಿಂತು ಪಾಚಿ ಕಟ್ಟುತ್ತದೆ.

ನೆರಳಿನ ವಿಷಯದಲ್ಲಿ ಘಟ್ಟದ ಕಾಡು ಬಯಲುಸೀಮೆಯವರನ್ನು ಮೋಸಗೊಳಿಸುತ್ತದೆ. ಮಾರ್ಚ್‌ನಲ್ಲಿ ಎಲೆ ಉದುರಿ ಬೋಳಾದ ಮರಗಳ ನಡುವೆ ಜಾಗ ಒಳ್ಳೆಯ ಬಯಲಿನಂತೆ ಕಾಣುತ್ತದೆ, ಅಲ್ಲಿ ಕಂಬ ನೆಡುತ್ತೇವೆ. ಜೂನ್ ಮುಗಿಯುವ ಹೊತ್ತಿಗೆ ಅದೇ ಮರಗಳು ಚಿಗುರಿ ಆಕಾಶದ ಅರ್ಧ ಭಾಗವನ್ನು ಮುಚ್ಚಿರುತ್ತವೆ. ಸಣ್ಣ ಪ್ಯಾನೆಲಿನ 36 ಸೆಲ್‌ಗಳು ಒಂದರ ಹಿಂದೊಂದು ಜೋಡಿಸಿದ ಸರ. ಒಂದು ಸೆಲ್ಲಿನ ಮೇಲೆ ಒಂದು ಸಾಗವಾನಿ ಎಲೆ ಅಂಟಿದರೂ ಇಡೀ ಸರದ ಕರೆಂಟು ಕುಸಿಯುತ್ತದೆ. ಸೆನ್ಸರ್ ಹಳ್ಳದ ಪಕ್ಕವೇ ಇರಬೇಕು, ಪ್ಯಾನೆಲ್ ಅಲ್ಲೇ ಇರಬೇಕಾಗಿಲ್ಲ. ಇಪ್ಪತ್ತು ಮೀಟರ್ ದೂರದ ಗದ್ದೆಯ ಬಯಲಿಗೆ ಪ್ಯಾನೆಲ್ ಒಯ್ದು 2.5 ಚದರ ಮಿಲಿಮೀಟರಿನ ತಾಮ್ರದ ಕೇಬಲ್ ಎಳೆದರೆ ವೋಲ್ಟೇಜ್ ನಷ್ಟ ಅರ್ಧ ವೋಲ್ಟೂ ಆಗುವುದಿಲ್ಲ. ಸ್ಪೀಕರಿಗೆ ಹಾಕುವಂಥ ಸಣ್ಣ ತಂತಿ ಎಳೆದರೆ ಒಂದೂವರೆ ವೋಲ್ಟ್ ದಾರಿಯಲ್ಲೇ ಹೋಗುತ್ತದೆ. ಕೇಬಲನ್ನು ಪೈಪಿನಲ್ಲಿ ಹಾಕಿ ಹೂಳಿ, ಇಲ್ಲದಿದ್ದರೆ ಇಲಿ, ಹೆಗ್ಗಣ ಕಡಿಯುತ್ತವೆ. ಉದ್ದದ ಕೇಬಲ್ ಸಿಡಿಲಿನ ಏರುಪೇರನ್ನೂ ಎಳೆದು ತರುತ್ತದೆ, ಹಾಗಾಗಿ ಪೆಟ್ಟಿಗೆಯ ಬಾಯಲ್ಲಿ ಸರ್ಜ್ ರಕ್ಷಕವೂ ಕಂಬದ ಬುಡದಲ್ಲಿ ಅರ್ಥಿಂಗೂ ಇರಲೇಬೇಕು. ನಿಮ್ಮದು ಖಾಸಗಿ ಹೊಲವಾದ್ದರಿಂದ ಸರಿ. ಮುಂದೆ ಮೀಸಲು ಅರಣ್ಯಕ್ಕೋ ಭೀಮಗಡ ವನ್ಯಧಾಮದ ಒಳಗೋ ಹೋಗುವ ವಿಚಾರವಿದ್ದರೆ, ಒಂದು ಕಂಬ ನೆಡುವುದಕ್ಕೂ ಅರಣ್ಯ ಇಲಾಖೆಯ ಲಿಖಿತ ಅನುಮತಿ ಮೊದಲು ಬೇಕು.

ಪೆಟ್ಟಿಗೆಯ ಒಳಗನ್ನೂ ಒಮ್ಮೆ ಸಾವಕಾಶವಾಗಿ ನೋಡಿ. ಘಟ್ಟದ ಮಳೆಗಾಲ ಮುಗಿದ ಮೇಲೆ ಇಂಥ ಪೆಟ್ಟಿಗೆ ತೆರೆದರೆ ಬ್ಯಾಟರಿಯ ಟರ್ಮಿನಲ್ ಸುತ್ತ ಹಸಿರು ಕಿಲುಬು, ಸರ್ಕ್ಯೂಟ್ ಬೋರ್ಡಿನ ಮೇಲೆ ಬಿಳಿಯ ಬೂಷ್ಟು, ಕೇಬಲ್ ಬರುವ ತೂತಿನ ಹಿಂದೆ ತತ್ತಿಗಳ ಸಮೇತ ಇರುವೆಗೂಡು ಸಿಗುವುದು ತೀರ ಸಾಮಾನ್ಯ. ಕಿಲುಬು ಹಿಡಿದ ಜೋಡಣೆಯಲ್ಲಿ ಕೆಲವು ಓಮ್ ಪ್ರತಿರೋಧ ಸೇರಿಕೊಳ್ಳುತ್ತದೆ. ಮೀಟರ್ ಹಿಡಿದಾಗ 12.6 ತೋರಿಸುವ ಬ್ಯಾಟರಿ, ಮೋಡೆಮ್ ಎದ್ದು ಕ್ಷಣಮಾತ್ರ ಹೆಚ್ಚು ಕರೆಂಟು ಎಳೆದಾಗ ಕುಸಿದು ಮೋಡೆಮನ್ನು ಮತ್ತೆ ಮಲಗಿಸುತ್ತದೆ. ಇದನ್ನು ಬಿಸಿಲಿನ ಕೊರತೆ ಎಂದು ತಿಳಿದು ಪ್ಯಾನೆಲ್ ಬದಲಿಸಿದವರನ್ನು ನಾನು ಬಹಳ ಕಂಡಿದ್ದೇನೆ. ಕೇಬಲ್‌ಗಳು ಪೆಟ್ಟಿಗೆಗೆ ತಳದಿಂದಲೇ ಬರಲಿ, ಬರುವ ಮೊದಲು ಒಂದು ಬಾಗು ಕೆಳಗಿಳಿದಿರಲಿ, ಹನಿ ಅಲ್ಲಿಂದ ಉದುರುತ್ತದೆ. ರಬ್ಬರಿನ ಗ್ಲ್ಯಾಂಡ್, ಒಂದು ಚೀಲ ಸಿಲಿಕಾ ಜೆಲ್, ಟರ್ಮಿನಲ್‌ಗೆ ವ್ಯಾಸಲಿನ್: ಖರ್ಚು ಹೆಚ್ಚಿಲ್ಲ.

ಇನ್ನು ತಿಕೋಟಾ. ಬಿಸಿಲು ಹೆಚ್ಚಿದಷ್ಟೂ ಸೋಲಾರ್ ಚೆನ್ನಾಗಿ ನಡೆಯುತ್ತದೆ ಎಂಬುದು ಎರಡನೆಯ ತಪ್ಪು ಕಲ್ಪನೆ. ಪ್ಯಾನೆಲಿಗೆ ಬೇಕಾದದ್ದು ಬೆಳಕು. ಕಾವು ಅದಕ್ಕೆ ಶತ್ರು. ಸೆಲ್ಲಿನ ಉಷ್ಣತೆ 25 ಡಿಗ್ರಿ ದಾಟಿದ ಮೇಲೆ ಪ್ರತಿ ಡಿಗ್ರಿಗೆ ಸುಮಾರು ನೂರಕ್ಕೆ 0.4 ರಷ್ಟು ಶಕ್ತಿ ಇಳಿಯುತ್ತದೆ. ಮೇ ತಿಂಗಳ ಮಧ್ಯಾಹ್ನ ಸೆಲ್ 65 ಡಿಗ್ರಿ ಕಾದರೆ ಹದಿನಾರು ಪಾಲು ಹೋಯಿತು. ಆದರೂ ನಿಮ್ಮ ಕೇಂದ್ರಕ್ಕೆ ಉಳಿದದ್ದು ಧಾರಾಳವಾಗಿ ಸಾಕು. ಅಲ್ಲಿ ಸೋತದ್ದು ಪೆಟ್ಟಿಗೆಯ ಒಳಗಿನ ವಸ್ತುಗಳು. ಹೊರಗೆ 41 ಡಿಗ್ರಿ ಇದ್ದಾಗ, ಬಿಸಿಲಿಗೆ ನಿಂತ ಮುಚ್ಚಿದ ಲೋಹದ ಪೆಟ್ಟಿಗೆಯೊಳಗೆ 55 ರಿಂದ 60 ಡಿಗ್ರಿ ಆಗುವುದು ಸಹಜ. ಮನೆಬಳಕೆಗೆ ಮಾಡಿದ ಮೋಡೆಮ್‌ಗಳನ್ನು ಸಾಮಾನ್ಯವಾಗಿ 40 ಡಿಗ್ರಿಯ ಆಸುಪಾಸಿನವರೆಗಷ್ಟೇ ನಡೆಯುವಂತೆ ರೂಪಿಸಿರುತ್ತಾರೆ. ಅವು ಕಾದಾಗ ತಾವಾಗಿ ನಿಂತು ಆರಿದ ಮೇಲೆ ಎದ್ದೇಳುತ್ತವೆ. ಒಂದರಿಂದ ನಾಲ್ಕರವರೆಗೆ ಮೌನ, ಸಂಜೆ ಮತ್ತೆ ಮಾತು ಎಂಬ ನಿಮ್ಮ ವಿವರಣೆ ಇದಕ್ಕೆ ಸರಿಹೊಂದುತ್ತದೆ. ಬ್ಯಾಟರಿಯ ದೋಷವೇ ಮುಖ್ಯವಾಗಿದ್ದರೆ ಕೇಂದ್ರ ನಿಲ್ಲುತ್ತಿದ್ದದ್ದು ಬೆಳಗಿನ ಜಾವದಲ್ಲಿ, ಪ್ಯಾನೆಲಿನ ಆಸರೆ ಇಲ್ಲದ ಹೊತ್ತಿನಲ್ಲಿ.

ಬ್ಯಾಟರಿ ಉಬ್ಬಿದ್ದಕ್ಕೂ ಕಾವೇ ಕಾರಣ, ಜೊತೆಗೆ ಕಂಟ್ರೋಲರಿನ ತಪ್ಪೂ ಸೇರಿದೆ. ಸೀಸದ ಬ್ಯಾಟರಿ ಬಿಸಿಯಾದಷ್ಟೂ ಅದನ್ನು ಕಡಿಮೆ ವೋಲ್ಟಿನಲ್ಲಿ ಚಾರ್ಜ್ ಮಾಡಬೇಕು. 12 ವೋಲ್ಟಿನ ಬ್ಯಾಟರಿಗೆ 25 ಡಿಗ್ರಿಯಿಂದ 50 ಡಿಗ್ರಿಗೆ ಹೋಗುವಾಗ ಅರ್ಧ ವೋಲ್ಟಿನಿಂದ ಮುಕ್ಕಾಲು ವೋಲ್ಟಿನಷ್ಟು ತಗ್ಗಿಸಬೇಕಾಗುತ್ತದೆ. ಉಷ್ಣತೆ ಅಳೆದು ತಗ್ಗಿಸುವ ಕಂಟ್ರೋಲರ್‌ಗಳಿವೆ, ಅಗ್ಗದವಕ್ಕೆ ಆ ಜ್ಞಾನವಿಲ್ಲ. ಅವು ಚಳಿಗಾಲದ ವೋಲ್ಟೇಜನ್ನೇ ಬೇಸಿಗೆಯಲ್ಲೂ ಒತ್ತುತ್ತ ಹೋದಾಗ ಒಳಗಿನ ನೀರು ಅನಿಲವಾಗಿ ಬ್ಯಾಟರಿ ಉಬ್ಬುತ್ತದೆ. ಇಷ್ಟಲ್ಲದೆ, 25 ಡಿಗ್ರಿಯಿಂದ ಮೇಲೆ ಪ್ರತಿ ಹತ್ತು ಡಿಗ್ರಿಗೆ ಸೀಸದ ಬ್ಯಾಟರಿಯ ಆಯುಷ್ಯ ಅರ್ಧಕ್ಕೆ ಇಳಿಯುತ್ತದೆ ಎಂಬುದು ಈ ಕಸುಬಿನಲ್ಲಿರುವವರೆಲ್ಲ ಒಪ್ಪಿದ ಲೆಕ್ಕ.

ಲೀಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಹಾಕಿದರೆ ಎಲ್ಲ ಸರಿಯಾಗುವುದೆಂದು ಅಂಗಡಿಯಲ್ಲಿ ಹೇಳಬಹುದು. ಅದು ಒಳ್ಳೆಯ ಬ್ಯಾಟರಿ, ಎಂಬತ್ತು ಪಾಲು ಖಾಲಿ ಮಾಡಿದರೂ ತಾಳುತ್ತದೆ, ಅರ್ಧ ಚಾರ್ಜಿನಲ್ಲಿ ಬಿಟ್ಟರೆ ಕೆಡುವುದಿಲ್ಲ. ಆ ದೃಷ್ಟಿಯಿಂದ ಅದು ಜಾಂಬೋಟಿಗೇ ಹೆಚ್ಚು ಯೋಗ್ಯ. ಆದರೆ ಹಳೆಯ ಕಂಟ್ರೋಲರ್‌ಗೆ ಅದನ್ನು ಸುಮ್ಮನೆ ಜೋಡಿಸುವಂತಿಲ್ಲ, ಲೀಥಿಯಂಗೆ ಹೊಂದಿಸುವ ಆಯ್ಕೆ ಇರುವ ಕಂಟ್ರೋಲರ್ ಬೇಕು. ಅದರೊಳಗಿನ ರಕ್ಷಣಾ ಸರ್ಕ್ಯೂಟ್ ಒಮ್ಮೆ ತೀರ ಇಳಿದ ಬ್ಯಾಟರಿಯನ್ನು ಕಡಿದುಹಾಕಿದರೆ, ಕೆಲವು ಕಂಟ್ರೋಲರ್‌ಗಳು ಬ್ಯಾಟರಿಯೇ ಇಲ್ಲವೆಂದು ತಿಳಿದು ಬಿಸಿಲು ಬಂದರೂ ಚಾರ್ಜ್ ಶುರುಮಾಡುವುದಿಲ್ಲ. ಯಾರಾದರೂ ಅಲ್ಲಿಗೆ ಹೋಗಿ ಎಬ್ಬಿಸಬೇಕಾಗುತ್ತದೆ. ಮಳೆಗಾಲದಲ್ಲಿ ಹಳ್ಳ ದಾಟಿ ಹೋಗಲಾಗದ ಜಾಗಕ್ಕೆ ಇದು ಸಣ್ಣ ದೋಷವಲ್ಲ. ಕೊಳ್ಳುವ ಮೊದಲು ಕಾಲೇಜಿನಲ್ಲೇ ಬ್ಯಾಟರಿಯನ್ನು ಪೂರ್ತಿ ಇಳಿಸಿ, ಪ್ಯಾನೆಲ್ ಹಿಡಿದು, ತಾನಾಗಿ ಏಳುತ್ತದೆಯೇ ಎಂದು ಪರೀಕ್ಷಿಸಿ. ತಿಕೋಟಾದ ಮಟ್ಟಿಗೆ 60 ಡಿಗ್ರಿಯ ಪೆಟ್ಟಿಗೆಯಲ್ಲಿ ಲೀಥಿಯಂ ಕೂಡ ಬಹಳ ದಿನ ಬಾಳುವುದಿಲ್ಲ. ಅಲ್ಲಿ ಮೊದಲು ಪೆಟ್ಟಿಗೆಯನ್ನು ತಂಪು ಮಾಡಬೇಕು.

ಅದಕ್ಕೆ ದೊಡ್ಡ ಉಪಕರಣ ಬೇಕಿಲ್ಲ. ಪೆಟ್ಟಿಗೆಗೆ ಬಿಳಿ ಬಣ್ಣ ಬಳಿಯಿರಿ. ಅದರ ಮೇಲೂ ಪಶ್ಚಿಮದ ಬದಿಗೂ ಎರಡು ಬೆರಳು ಅಂತರ ಬಿಟ್ಟು ಇನ್ನೊಂದು ತಗಡು ಕಟ್ಟಿ, ನಡುವೆ ಗಾಳಿ ಆಡಲಿ. ಬ್ಯಾಟರಿಯನ್ನು ಬೇರೆ ಪೆಟ್ಟಿಗೆಯಲ್ಲಿ, ನೆಲದಿಂದ ಒಂದಡಿ ಎತ್ತರದಲ್ಲಿ, ದ್ರಾಕ್ಷಿ ಚಪ್ಪರದ ನೆರಳಿಗೆ ಇಡಿ. ಮಣ್ಣಿನಲ್ಲಿ ಹೂಳುವ ಸಲಹೆಯನ್ನು ಕೆಲವರು ಕೊಡುತ್ತಾರೆ. ಎರೆ ಭೂಮಿಯಾದರೆ ಬೇಸಿಗೆಯಲ್ಲಿ ಬಿರುಕು, ಮಳೆಗೆ ಕೆಸರು, ನಾನು ಒಪ್ಪುವುದಿಲ್ಲ. ಮೋಡೆಮ್ ಬದಲಿಸುವಾಗ 85 ಡಿಗ್ರಿವರೆಗೆ ತಾಳುವ ಕೈಗಾರಿಕಾ ದರ್ಜೆಯದನ್ನೇ ಕೇಳಿ ತೆಗೆದುಕೊಳ್ಳಿ. ಉಷ್ಣತೆ ಅಳೆಯುವ ಸೆನ್ಸರ್ ಪೆಟ್ಟಿಗೆಗಾಗಲಿ ಪ್ಯಾನೆಲಿಗಾಗಲಿ ಅಂಟಿಕೊಂಡಿದ್ದರೆ ದೂರ ಸರಿಸಿ, ಅದು ತೋಟದ ಬದಲು ತಗಡಿನ ಕಾವನ್ನು ಹೇಳುತ್ತಿರಬಹುದು.

ದ್ರಾಕ್ಷಿ ತೋಟದ ಪ್ಯಾನೆಲಿಗೆ ಇನ್ನೊಂದು ಕಾಟವಿದೆ. ಬೋರ್ಡೋ ದ್ರಾವಣ (ಮೈಲುತುತ್ತು, ಸುಣ್ಣದ ಮಿಶ್ರಣ), ಗಂಧಕದ ಸಿಂಪರಣೆ ಗಾಳಿಯಲ್ಲಿ ತೇಲಿ ಬಂದು ಗಾಜಿನ ಮೇಲೆ ನೀಲಿ-ಬಿಳಿಯ ತೆಳು ಪದರವಾಗಿ ಒಣಗುತ್ತದೆ, ಮೇಲೆ ಧೂಳು ಹಿಡಿಯುತ್ತದೆ. ಬೆರಳಿಂದ ಒರೆಸಿದರೆ ಗೆರೆ ಮೂಡುತ್ತದೆ. ಅದರಲ್ಲಿನ ತಾಮ್ರ ಅಲ್ಯುಮಿನಿಯಂ ಚೌಕಟ್ಟನ್ನು ತಿನ್ನುತ್ತದೆ, ಮೂಲೆಯ ತಿರುಪುಗಳ ಸುತ್ತ ಬಿಳಿ ಪುಡಿ ಕಾಣತೊಡಗುತ್ತದೆ. ಎಲೆಯ ಒದ್ದೆತನ ಅಳೆಯುವ ಸೆನ್ಸರ್ ಮೇಲೂ ಅದೇ ಪದರ ಕೂತು, ಎಲೆ ಒಣಗಿದ್ದರೂ ಒದ್ದೆ ಎಂದು ತೋರಿಸುತ್ತದೆ. ಅಕ್ಟೋಬರ್ ಚಾಟ್ನಿಯ (ಬಳ್ಳಿ ಸವರುವ ಕೆಲಸದ) ನಂತರ ದಾವಣಿ ಎಂಬ ಬೂಜು ರೋಗದ ಭಯದಲ್ಲಿ ಆ ಒಂದು ಅಂಕಿಯನ್ನು ನಂಬಿ ಸಿಂಪರಣೆ ನಿರ್ಧರಿಸುವ ರೈತರಿಗೆ ಇದು ನೇರ ನಷ್ಟ. ಪ್ರತಿ ಸಿಂಪರಣೆಯ ಮರುದಿನ ಬೆಳಿಗ್ಗೆ, ಗಾಜು ಕಾಯುವ ಮೊದಲು, ಒದ್ದೆ ಬಟ್ಟೆಯಿಂದ ಎರಡನ್ನೂ ಒರೆಸಲು ನಿಮ್ಮ ಸಂಬಂಧಿಕರಿಗೆ ಹೇಳಿ.

ಎರಡೂ ಕಡೆ ಕೆಲಸ ಹಿಡಿಯುವ ಮೊದಲು ಮಾಡಬೇಕಾದ ಅಳತೆ ಇದು. ಪ್ಯಾನೆಲಿನ ತಂತಿ ಬಿಚ್ಚಿ, ಬ್ಯಾಟರಿಯ ಧನ ತಂತಿಯಲ್ಲಿ ಮೀಟರನ್ನು ಸರಣಿಯಾಗಿ, 10 ಆಂಪಿಯರಿನ ತೂತಿನಲ್ಲಿ ಜೋಡಿಸಿ, ಮೋಡೆಮ್ ಎಚ್ಚರ ಇದ್ದಾಗ, ಮಲಗಿದಾಗ, ಸೆನ್ಸರ್ ನಡೆಯುವಾಗ ಎಷ್ಟು ಎಂದು ಬರೆದುಕೊಳ್ಳಿ. ನಾನು ಕೊಟ್ಟ ಅಂಕಿಗಳ ಜಾಗದಲ್ಲಿ ನಿಮ್ಮ ಅಂಕಿ ಇಟ್ಟು ಲೆಕ್ಕ ಮತ್ತೆ ಮಾಡಿ. ಖರ್ಚು ತಗ್ಗಿಸಿದ ಮೇಲೂ ಕೊರತೆ ಉಳಿದರೆ 40 ವ್ಯಾಟಿನ ಪ್ಯಾನೆಲ್, 18 ಅಥವಾ 20 ಎ.ಎಚ್. ಬ್ಯಾಟರಿ ಎಂಬ ಜೋಡಿ ಸಾಕು. ಒಂದನ್ನು ಮಾತ್ರ ದೊಡ್ಡದು ಮಾಡಬೇಡಿ. ಸಣ್ಣ ಪ್ಯಾನೆಲ್ ದೊಡ್ಡ ಬ್ಯಾಟರಿಯನ್ನು ಬೇಗ ತುಂಬಿಸಲಾರದು. ಜಾಂಬೋಟಿಯ ಕೆಲಸ ಮೃಗಶಿರ ಮಳೆಗೆ ಮೊದಲೇ ಮುಗಿಯಲಿ, ತಿಕೋಟಾದ್ದು ಹೋಳಿಯೊಳಗೆ.

ಉಬ್ಬಿದ ಬ್ಯಾಟರಿಯನ್ನು ಬೇರೆ ಕೆಲಸಕ್ಕಾದೀತು ಎಂದು ಇಟ್ಟುಕೊಳ್ಳಬೇಡಿ, ಇವತ್ತೇ ಬಿಚ್ಚಿಸಿ. ಜಾಂಬೋಟಿಯ ಹಳೆಯದನ್ನೂ ಸೇರಿಸಿ ಬ್ಯಾಟರಿ ಅಂಗಡಿಗೆ ಮರಳಿ ಕೊಡಿ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿ ಹಿಂದಕ್ಕೆ ಸಂಗ್ರಹಿಸುವ ಹೊಣೆ ತಯಾರಕರ ಮೇಲಿದೆ, ಸೀಸಕ್ಕೆ ತೂಕದ ಮೇಲೆ ಬೆಲೆಯೂ ಸಿಗುತ್ತದೆ. ಲೀಥಿಯಂ ಸೆಲ್‌ಗಳನ್ನು ಅದರ ಜೊತೆ ಬೆರೆಸದೆ, ಎರಡೂ ತುದಿಗೆ ಟೇಪ್ ಸುತ್ತಿ ಬೇರೆಯಾಗಿ ಕೊಡಿ.